ತಂಪು ಕಟಪಾಡಿಯಲ್ಲೇ ಶುರುವಾಗಲಿ

ಮಾನ್ಯ ಸಂಪಾದಕರೇ,

ನಮ್ಮ ಕರಾವಳಿಯ ಮೀನು, ತರಕಾರಿ, ಹಣ್ಣು ಮಂಗಳೂರಿನ ಬಜ್ಪೆ ನಿಲ್ದಾಣದಿಂದಲೇ ವಿಮಾನದಲ್ಲಿ ಗಲ್ಫ್‌ಗೆ ಜಾಸ್ತಿ ಹೋಗಬೇಕು ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದರ ಜೊತೆ ಬರುವ ಬೇಡಿಕೆಯೂ ಹೆಚ್ಚಾಗಿ ಒಂದೇ. ನಿಲ್ದಾಣದಲ್ಲಿ ಇನ್ನೂ ದೊಡ್ಡ ಕಾರ್ಗೊ ಕಟ್ಟಡ ಬೇಕು, ದೊಡ್ಡ ಕೋಲ್ಡ್ ಸ್ಟೋರೇಜ್ ಬೇಕು. ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಹಲವು ವರ್ಷಗಳಿಂದ ಸರಕು ಕಳಿಸುವ ಕೆಲಸದಲ್ಲೇ ಇದ್ದೇನೆ. ನಾನು ಕಂಡ ಹಾಗೆ, ಕೆಟ್ಟುಹೋದ ಮಾಲಿನಲ್ಲಿ ಹೆಚ್ಚಿನದು ವಿಮಾನ ನಿಲ್ದಾಣದ ಗೇಟಿಗೆ ಬರುವ ಮೊದಲೇ ಕೆಡಲು ಶುರುವಾಗಿರುತ್ತದೆ. ಹಾಗಾಗಿ ತಂಪು ಮಾಡುವ ಕೆಲಸ ನಿಲ್ದಾಣದಲ್ಲಲ್ಲ, ಉಡುಪಿ ಬಳಿಯ ಕಟಪಾಡಿಯಲ್ಲೇ ಶುರುವಾಗಲಿ ಎಂಬುದು ನನ್ನ ಮಾತು.

ದುಬೈಗೆ ಇಲ್ಲಿಂದ ಹಾರಾಟ ಸುಮಾರು ನಾಲ್ಕು ಗಂಟೆ. ಅದಕ್ಕೆ ಮೊದಲು ಎಷ್ಟು ಹೊತ್ತು ಹೋಗುತ್ತದೆ ನೋಡಿ. ಬೆಳಿಗ್ಗೆ ಕೊಯ್ದ ಬಸಳೆ, ಹರಿವೆ ಅಂಗಳದಲ್ಲಿ ಕೂರುತ್ತದೆ. ಟೆಂಪೊ ತುಂಬುವವರೆಗೆ ರಸ್ತೆ ಬದಿಯಲ್ಲಿ ಕಾಯುತ್ತದೆ. ಹೆದ್ದಾರಿಯ ಬಿಸಿಲಲ್ಲಿ ಬರುತ್ತದೆ. ಆಮೇಲೆ ತೂಕ, ಎಕ್ಸ್‌ರೇ, ಕಸ್ಟಮ್ಸ್. ಕೊನೆಗೆ ವಿಮಾನದ ಪಕ್ಕ ಗಾಡಿಯ ಮೇಲೆ ಮತ್ತೆ ಬಿಸಿಲು. ಅತ್ತ ಇಳಿದರೆ ಅಲ್ಲಿಯ ಬಿಸಿಲು ಇನ್ನೂ ಜೋರು.

ಕೊಯ್ದ ಮೇಲೂ ಸೊಪ್ಪು ತರಕಾರಿ ಉಸಿರಾಡುತ್ತಲೇ ಇರುತ್ತದೆ, ಉಸಿರಾಡುತ್ತಾ ಶಾಖ ಬಿಡುತ್ತದೆ. ಆ ಶಾಖ ಆರುವ ಮೊದಲೇ ಪೆಟ್ಟಿಗೆ ಮುಚ್ಚಿದರೆ ಒಳಗೇ ಬೆವರಿ ಕೊಳೆಯುತ್ತದೆ. ಥರ್ಮೊಕೋಲ್ ಪೆಟ್ಟಿಗೆಗೆ ಹಾಕಿದರೆ ತಂಪಾಗುತ್ತದೆ ಎಂದು ತುಂಬ ಜನ ನಂಬಿದ್ದಾರೆ. ಅದು ಚಹಾದ ಫ್ಲಾಸ್ಕ್ ಇದ್ದ ಹಾಗೆ. ಬಿಸಿ ತುಂಬಿಸಿದರೆ ಬಿಸಿಯೇ ಉಳಿಯುತ್ತದೆ. ಹಾಗಾಗಿ ಮಾಲನ್ನು ಮೊದಲು ತಣ್ಣಗೆ ಮಾಡಬೇಕು, ಆಮೇಲೆ ಪ್ಯಾಕ್ ಮಾಡಬೇಕು. ಇದಕ್ಕೆ ಪ್ರಿಕೂಲಿಂಗ್ ಅನ್ನುತ್ತಾರೆ. ನಮ್ಮಲ್ಲಿ ಕೈತಪ್ಪುವುದು ಇದೇ.

ಒಂದು ಮಳೆಗಾಲದ ವಿಷಯ ಹೇಳುತ್ತೇನೆ. ನಾಗರಪಂಚಮಿ ಹತ್ತಿರ ಬಂದಿತ್ತು. ಗಲ್ಫ್‌ನಲ್ಲಿರುವ ನಮ್ಮವರಿಗೆ ಕಡುಬಿಗೆಂದು ಅರಶಿನ ಎಲೆ ಹೋಗಬೇಕಿತ್ತು. ಆ ದಿನ ಮಳೆ, ಮೋಡಕ್ಕೆ ವಿಮಾನ ಇಳಿಯಲಾಗದೆ ಬೇರೆ ಊರಿಗೆ ತಿರುಗಿತು. ಪೆಟ್ಟಿಗೆಗಳು ಇಲ್ಲೇ ಉಳಿದವು. ಮರುದಿನ ತೆರೆದು ನೋಡಿದರೆ ಮಧ್ಯಾಹ್ನ ಕೊಯ್ದು ಒದ್ದೆಯಲ್ಲೇ ಕಟ್ಟಿದ್ದ ಎಲೆಗಳು ಕಪ್ಪಾಗಿದ್ದವು. ಒಬ್ಬ ಅಮ್ಮ ಮುಂಜಾನೆಯೇ ಕೊಯ್ದು, ನೆರಳಲ್ಲಿ ಹರವಿ, ನೀರು ಒರೆಸಿ ಕಳಿಸಿದ್ದ ಕಟ್ಟು ಹಾಗೇ ಹಸಿರಾಗಿತ್ತು. ಎರಡೂ ಇದ್ದದ್ದು ಒಂದೇ ಕಟ್ಟಡದಲ್ಲಿ, ಅಷ್ಟೇ ಹೊತ್ತು. ಬಜ್ಪೆ ಗುಡ್ಡದ ಮೇಲಿನ ನಿಲ್ದಾಣ. ಮಳೆಗಾಲದಲ್ಲಿ ವಿಮಾನ ತಿರುಗುವುದು ಇಲ್ಲಿ ಹೊಸತಲ್ಲ. ಒಂದು ದಿನ ತಡವಾದರೂ ತಡೆಯುವ ಹಾಗೆ ಮಾಲು ಕಟ್ಟಬೇಕಾದ ಊರು ನಮ್ಮದು.

ತಂಪು ಅಂದರೆ ಎಲ್ಲದಕ್ಕೂ ಒಂದೇ ತಂಪಲ್ಲ. ಮಟ್ಟು ಊರಿನ ಗುಳ್ಳ ಬದನೆಗೆ 2011ರಲ್ಲಿ ಜಿಐ, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, ಹೊರಗೆ ಕಳಿಸುವ ಆಸೆ ಬೆಳೆಗಾರರಿಗೆ ಸಹಜ. ಆದರೆ ಬದನೆಯ ಜಾತಿಗೆ ಜಾಸ್ತಿ ಚಳಿ ಆಗುವುದಿಲ್ಲ. 10 ಡಿಗ್ರಿಗಿಂತ ಕೆಳಗೆ ಕೆಲವು ದಿನ ಇಟ್ಟರೆ ಸಿಪ್ಪೆಯ ಮೇಲೆ ಗುಳಿ ಬೀಳುತ್ತದೆ, ಒಳಗಿನ ಬೀಜ ಕಪ್ಪಾಗುತ್ತದೆ. ಅದೇ ಅಂಜಲ್, ಮಾಂಜಿ ಮೀನಿಗೆ ಸೊನ್ನೆ ಡಿಗ್ರಿಯ ಆಸುಪಾಸು ಬೇಕು. ಎರಡನ್ನೂ ಒಂದೇ ಕೋಣೆಯಲ್ಲಿ ಇಟ್ಟರೆ ಒಂದು ಹಾಳಾಗುವುದು ಖಂಡಿತ. ಮಾಗಿದ ಬಾಳೆಹಣ್ಣಿನ ಜೊತೆ ಸೊಪ್ಪು ಇಡುವುದೂ ಅಷ್ಟೇ ತಪ್ಪು. ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಸೊಪ್ಪು ಬೇಗ ಹಳದಿಯಾಗುತ್ತದೆ. ದೊಡ್ಡ ಕೋಲ್ಡ್ ಸ್ಟೋರೇಜ್ ಕೇಳುವವರು ಅದರಲ್ಲಿ ಎಷ್ಟು ಕೋಣೆ, ಯಾವುದಕ್ಕೆ ಎಷ್ಟು ಡಿಗ್ರಿ ಎಂದೂ ಕೇಳಬೇಕು.

ಮೀನಿನ ವಿಷಯದಲ್ಲಿ ಮಲ್ಪೆ ಬಂದರಿನವರಿಗೆ, ನಮ್ಮ ದಕ್ಕೆಯವರಿಗೆ ಐಸಿನ ಬಗ್ಗೆ ಪಾಠ ಬೇಕಿಲ್ಲ. ಒಂದು ಕಿಲೊ ಮೀನಿಗೆ ಒಂದು ಕಿಲೊ ಐಸ್ ಎಂಬ ಲೆಕ್ಕ ಅವರಿಗೆ ಗೊತ್ತು. ತೊಂದರೆ ಬರುವುದು ಐಸ್ ಕರಗಿದಾಗ. ಉಪ್ಪು ನೀರು ಸೋರಿದರೆ ವಿಮಾನದ ಲೋಹ ತುಕ್ಕು ಹಿಡಿಯುತ್ತದೆ. ಅದಕ್ಕೇ ಸೋರುವ ಪೆಟ್ಟಿಗೆಯನ್ನು ವಿಮಾನ ಸಂಸ್ಥೆಯವರು ಮುಲಾಜಿಲ್ಲದೆ ಕೆಳಗಿಳಿಸುತ್ತಾರೆ. ಅವರನ್ನು ಬೈದು ಫಲವಿಲ್ಲ. ಒಳಗೆ ಗಟ್ಟಿ ಪ್ಲಾಸ್ಟಿಕ್ ಚೀಲ, ಐಸಿನ ಬದಲು ಜೆಲ್ ಪ್ಯಾಕ್, ತಳದಲ್ಲಿ ನೀರು ಹೀರುವ ಹಾಸು, ಇಷ್ಟಿದ್ದರೆ ಪೆಟ್ಟಿಗೆ ಒದ್ದೆಯಾಗದೆ ಮುಟ್ಟುತ್ತದೆ. ಇಲ್ಲಿಗೆ ಬರುವ 737ನಂಥ ವಿಮಾನದಲ್ಲಿ ಸರಕನ್ನು ಬಿಡಿ ಪೆಟ್ಟಿಗೆಗಳಾಗಿ ಕೈಯಲ್ಲೇ ಜೋಡಿಸುತ್ತಾರೆ. ಹಾಗಾಗಿ ಒಬ್ಬ ಎತ್ತಬಹುದಾದ ಪೆಟ್ಟಿಗೆ ಮಾಡಿದರೆ ಎಸೆದಾಟ ಕಡಿಮೆ.

ಫ್ರೋಜನ್ ಮಾಲನ್ನು ವಿಮಾನದಲ್ಲೇ ಕಳಿಸಬೇಕು ಎಂಬ ಹಠ ಮಾತ್ರ ನನಗೆ ಸರಿ ಕಾಣುವುದಿಲ್ಲ. ಅದು ಹೊರಟಲ್ಲಿಂದ ಮುಟ್ಟುವವರೆಗೂ ಮೈನಸ್ 18 ಡಿಗ್ರಿಯಲ್ಲಿ ಇರಬೇಕು. ಒಮ್ಮೆ ಕರಗಿ ಮತ್ತೆ ಗಟ್ಟಿಯಾದರೆ ರುಚಿ, ಮೃದುತ್ವ ಎರಡೂ ಹೋಗುತ್ತದೆ. ಸಿಗಡಿ, ಬೊಂಡಾಸ್ (ಸ್ಕ್ವಿಡ್), ಹಲಸಿನ ತೊಳೆ ಇಂಥವು ಸರಿಯಾಗಿ ಫ್ರೀಜ್ ಆಗಿದ್ದರೆ ತಿಂಗಳುಗಟ್ಟಲೆ ಇರುತ್ತವೆ. ಅವಕ್ಕೆ ವಿಮಾನದ ಅವಸರ ಏಕೆ? ಪಣಂಬೂರು ಬಂದರಿನಿಂದ ರೀಫರ್, ಅಂದರೆ ತಣ್ಣಗಿಡುವ ಕಂಟೇನರ್‌ನಲ್ಲಿ ಹಡಗಿನಲ್ಲಿ ಕಳಿಸಬಹುದು. ದಾರಿಯುದ್ದಕ್ಕೂ ಕರೆಂಟಿನಲ್ಲೇ ತಣ್ಣಗಿರುತ್ತದೆ, ಬಾಡಿಗೆಯೂ ಕಡಿಮೆ. ಸಣ್ಣವರೂ ಸೇರಿ ಒಂದು ಕಂಟೇನರ್ ತುಂಬಿಸುವ ವ್ಯವಸ್ಥೆ ಮಾಡಬೇಕು. ವಿಮಾನದ ಜಾಗ ಒಂದೆರಡು ದಿನದಲ್ಲಿ ಬಾಡುವ ವಸ್ತುವಿಗೆ ಸಿಗಲಿ. ತಾಜಾ ಮೀನು, ಸೊಪ್ಪು, ಗುಳ್ಳ, ಶಂಕರಪುರದ ಮಲ್ಲಿಗೆ ಇವೆಲ್ಲ ಆ ಸಾಲಿನವು.

ಫ್ರೋಜನ್ ಸ್ಯಾಂಪಲ್ ತುರ್ತಾಗಿ ವಿಮಾನದಲ್ಲಿ ಹೋಗಲೇಬೇಕಾದಾಗ ಡ್ರೈ ಐಸ್ ಬಳಸುತ್ತಾರೆ. ಅದರ ತಂಪು ಮೈನಸ್ 78 ಡಿಗ್ರಿ. ಅದು ನೀರಾಗುವುದಿಲ್ಲ, ನೇರ ಅನಿಲವಾಗುತ್ತದೆ. ಅದಕ್ಕೇ ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಲೇಬಾರದು, ಒಡೆದುಹೋದೀತು. ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ ಅದಿದೆ. ಎಷ್ಟು ಕಿಲೊ ಎಂದು ಪೆಟ್ಟಿಗೆಯ ಮೇಲೆ ಬರೆದು ಮೊದಲೇ ತಿಳಿಸಬೇಕು. ಊರಿಗೆ ಬಂದು ಹೋಗುವವರು ಮೀನಿನ ಜೊತೆ ಬ್ಯಾಗಿನಲ್ಲಿ ಸುಮ್ನೆ ಇಟ್ಟುಕೊಂಡು ಹೋಗುವಂಥದ್ದಲ್ಲ. ಪ್ರಯಾಣಿಕರಿಗೆ ಮಿತಿ ಎರಡೂವರೆ ಕಿಲೊ, ಅದೂ ವಿಮಾನ ಸಂಸ್ಥೆಯ ಒಪ್ಪಿಗೆ ಇದ್ದರೆ ಮಾತ್ರ.

ಖರ್ಚಿನ ಲೆಕ್ಕದಲ್ಲೂ ಹೊಸಬರು ಮೋಸ ಹೋಗುತ್ತಾರೆ. ವಿಮಾನದಲ್ಲಿ ತೂಕ, ಗಾತ್ರ ಎರಡನ್ನೂ ಅಳೆದು ಯಾವುದು ಜಾಸ್ತಿಯೋ ಅದಕ್ಕೆ ಹಣ ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 6000ದಿಂದ ಭಾಗಿಸುವುದು ರೂಢಿ. 60, 40, 40ರ ಪೆಟ್ಟಿಗೆ ಅಂದರೆ 16 ಕಿಲೊ. ಒಳಗೆ 6 ಕಿಲೊ ಬಸಳೆ ಇದ್ದರೂ 16 ಕಿಲೊಗೇ ಬಾಡಿಗೆ. ಇದನ್ನು ಮೊದಲೇ ಹೇಳದೆ ಕೊನೆಗೆ ಬಿಲ್ ಕೊಟ್ಟರೆ ರೈತ ಮತ್ತೆ ಈ ಕಡೆ ತಲೆಹಾಕುವುದಿಲ್ಲ, ಅಲ್ವಾ?

ಕಾಗದಪತ್ರ ಇನ್ನೊಂದು ಗೋಡೆ. ರಫ್ತಿಗೆ ಐಇಸಿ, ಅಂದರೆ ಆಮದು-ರಫ್ತುದಾರರ ಗುರುತಿನ ಸಂಖ್ಯೆ ಬೇಕು. ಸೊಪ್ಪು ತರಕಾರಿಗೆ ರೋಗ, ಕೀಟ ಇಲ್ಲವೆಂಬ ಫೈಟೊಸ್ಯಾನಿಟರಿ ಸರ್ಟಿಫಿಕೇಟ್. ಮೀನಿಗೆ ಸಮುದ್ರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರದ (ಎಂಪೆಡಾ) ನೋಂದಣಿ, ಜೊತೆಗೆ ರಫ್ತು ತಪಾಸಣಾ ಸಂಸ್ಥೆಯ ಆರೋಗ್ಯ ಪ್ರಮಾಣಪತ್ರ. ಇವೆಲ್ಲ ಬೇಕಾದ ನಿಯಮಗಳೇ. ತಿನ್ನುವ ವಸ್ತುವಿನಲ್ಲಿ ಸಡಿಲ ಬಿಡಬಾರದು. ಆದರೆ ಯಾವ ಮಾಲಿಗೆ ಯಾವ ಕಾಗದ, ಎಲ್ಲಿ, ಎಷ್ಟು ದಿನ ಎಂಬುದನ್ನು ಕನ್ನಡದಲ್ಲಿ ಒಂದು ಪುಟ ಬರೆದು ಪಂಚಾಯತಿಗಳಲ್ಲಿ ಅಂಟಿಸಲು ಕಷ್ಟವೇನು?

ನನ್ನ ಬೇಡಿಕೆ ದೊಡ್ಡದಲ್ಲ. ಕಟಪಾಡಿಯಲ್ಲಿ ಮಾಲನ್ನು ಆರಿಸಿ, ತೊಳೆದು, ಕಟ್ಟುವ ಒಂದು ಸಣ್ಣ ಪ್ಯಾಕ್ ಹೌಸ್ ಆಗಲಿ. ಒಂದು ಕಡೆ ಗುಳ್ಳದ ಮಟ್ಟು, ಇನ್ನೊಂದು ಕಡೆ ಮಲ್ಲಿಗೆಯ ಶಂಕರಪುರ, ನಡುವೆ ಹೆದ್ದಾರಿ. ಇದಕ್ಕಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ. ಅಲ್ಲಿ ಎರಡು ಬೇರೆ ಬೇರೆ ತಾಪಮಾನದ ಪ್ರಿಕೂಲಿಂಗ್ ಕೋಣೆ, ಒಂದು ತೊಳೆಯುವ ಕಟ್ಟೆ, ಬಜ್ಪೆಗೆ ಹೋಗಿಬರುವ ಒಂದು ಶೀತಲ ವಾಹನ ಇದ್ದರೆ ಸಾಕು. ಮಲ್ಪೆಗೂ ಅಂಥದ್ದೇ ಒಂದು ವಾಹನ ಬೇಕು. ಅಲ್ಲಿಂದ ಬಜ್ಪೆಗೆ ಹತ್ತಿರ ಹತ್ತಿರ 60 ಕಿಲೋಮೀಟರ್ ಆಗುತ್ತದೆ. ತೋಟಗಾರಿಕೆ ಮಿಷನ್‌ನಲ್ಲಿ ಪ್ಯಾಕ್ ಹೌಸ್, ಪ್ರಿಕೂಲಿಂಗ್ ಘಟಕಕ್ಕೆ ನೆರವು ಕೊಡುವ ಅವಕಾಶ ಇದೆ. 2020ರಲ್ಲಿ ಶುರುವಾದ ಮತ್ಸ್ಯ ಸಂಪದ ಯೋಜನೆಯಲ್ಲಿ ಶೀತಲ ವಾಹನಕ್ಕೆ ಸಹಾಯಧನ ಇಟ್ಟಿದ್ದರು. ಬೆಳೆಗಾರರ ಸಂಘ, ಮೀನುಗಾರರ ಸಹಕಾರ ಸಂಘಗಳು, ಜಿಲ್ಲಾಡಳಿತ ಒಟ್ಟಿಗೆ ಕೂತು ಅರ್ಜಿ ಹಾಕಬೇಕು. ಜನಪ್ರತಿನಿಧಿಗಳು ಅದರ ಬೆನ್ನು ಹತ್ತಬೇಕು.

ಗುಳ್ಳದ ಗಿಡ ನೆಡುವುದು ಮಳೆ ಇಳಿದ ಮೇಲೆ. ಅಷ್ಟರೊಳಗೆ ಕಟಪಾಡಿಯಲ್ಲಿ ಜಾಗ ಗುರುತಿಸಿದರೆ ಮುಂದಿನ ಕೊಯ್ಲಿಗೇ ಒಂದು ಕೋಣೆಯಾದರೂ ಸಿಕ್ಕೀತು.

ಇಂತಿ,
ಒಬ್ಬ ಓದುಗ, ಕಿನ್ನಿಗೋಳಿ