ಮಗಳಿಗೊಂದು ಪತ್ರ: ಇರಿಂಗಾಕ್ಕೆ ಹೊರಡುವ ಮೊದಲು

ಪ್ರೀತಿಯ ಮಗಳೇ,

ನಿಮ್ಮ ಚರ್ಚ್ ಸಭೆಯ ಟಾಂಜಾನಿಯಾ ಕಮಿಟಿಗೆ ನಿನ್ನನ್ನು ಸೇರಿಸಿಕೊಂಡ ಸುದ್ದಿ ಅಮ್ಮನ ಬಾಯಿಂದ ಆಗಲೇ ಮಂಗಳೂರಿನ ನಮ್ಮ ಅರ್ಧ ಬಲ್ಮಠಕ್ಕೆ ಮುಟ್ಟಿದೆ. ಅಮೆರಿಕದಲ್ಲಿ ನಿಮ್ಮ ಲೂಥರನ್ ಚರ್ಚುಗಳ ಒಕ್ಕೂಟವಾದ ಸೇಂಟ್ ಪಾಲ್ ಸಿನೊಡಿನ ಸಭೆಗಳೂ ಟಾಂಜಾನಿಯಾದ ಇರಿಂಗಾ ಡಯಾಸಿಸಿನ, ಅಂದರೆ ಅಲ್ಲಿನ ಧರ್ಮಪ್ರಾಂತದ, ಸಭೆಗಳೂ 1980ರ ದಶಕದಿಂದ ಒಂದಕ್ಕೊಂದು ಜೊತೆಯಾಗಿ ನಡೆದುಬಂದಿವೆ ಅಂತ ಬರೆದಿದ್ದೀ. ಒಳ್ಳೆಯ ಕೆಲಸ. ಆದರೆ ನೀನೀಗ ಕೊಡುವವರ ಸಾಲಿನಲ್ಲಿ ಕೂತಿದ್ದೀ, ನಾವು ತಲೆಮಾರುಗಳಿಂದ ತೆಗೆದುಕೊಂಡವರು. ಈ ಸಾಲಿನಿಂದ ಕಾಣುವುದೇ ಬೇರೆ.

1834ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದರಲ್ಲ, ಮುಂದೆ ಈ ಕೆಲಸಕ್ಕೆ ಯುರೋಪಿನ ಸಾಮಾನ್ಯ ಮನೆಗಳಿಂದಲೂ ವಾರಕ್ಕೆ ಅರ್ಧ ಬಾಟ್ಸನ್‌ನಂತೆ (ಅಲ್ಲಿನ ಸಣ್ಣ ನಾಣ್ಯ) ಚಿಲ್ಲರೆ ಒಟ್ಟಾಗುತ್ತಿತ್ತು. ಕ್ರೈಸ್ತರಾದವರಿಗೆ ಊರಲ್ಲಿ ಹೊಟ್ಟೆಪಾಡು ತಪ್ಪಿದಾಗ ನೇಯ್ಗೆ ಬಂತು, 1865ರಲ್ಲಿ ಹಂಚಿನ ಕಾರ್ಖಾನೆ ಬಂತು. ನಿನ್ನ ಮುತ್ತಜ್ಜನೂ ಹಂಚು ಹೊತ್ತವರೇ. 1914ರಲ್ಲಿ ಯುದ್ಧ ಶುರುವಾಗಿ, ಜರ್ಮನ್ ಮಿಶನರಿಗಳನ್ನು ಬ್ರಿಟಿಷರು ಹಿಡಿದಿಟ್ಟರು. ಕಾರ್ಖಾನೆಗಳೂ ಕೈತಪ್ಪಿದವು. ಹಾಗಾಗಿ ನಿಮ್ಮ ಕಮಿಟಿಯಲ್ಲಿ ಮೊದಲು ಕೇಳು: ನಾಳೆ ನಮ್ಮ ದುಡ್ಡು ನಿಂತರೆ ಅಲ್ಲಿ ಯಾವುದು ಉಳಿಯುತ್ತದೆ?

ಇನ್ನೊಂದು ಮಾತು. ನಾನು ಸಂಡೇ ಸ್ಕೂಲಿಗೆ ಹೋಗುತ್ತಿದ್ದಾಗ ಹೊರದೇಶದ ಒಂದು ಸಭೆ ನಮಗೆ ಪೆಟ್ಟಿಗೆ ತುಂಬ ಉಣ್ಣೆ ಸ್ವೆಟರ್ ಕಳಿಸಿತ್ತು. ಮಂಗಳೂರಿನ ಸೆಕೆಗೆ! ಹಿರಿಯರು ಕೂತು, ಚೆಂದದ ಅಕ್ಷರದಲ್ಲಿ, ‘ಬಹಳ ಉಪಯೋಗವಾಯಿತು’ ಅಂತ ಪತ್ರ ಬರೆದರು. ನಿನ್ನ ಅಜ್ಜಿ ಒಂದು ಕೆಂಪು ಸ್ವೆಟರನ್ನು ಎಳೆ ಎಳೆಯಾಗಿ ಬಿಚ್ಚಿ, ಉಂಡೆ ಸುತ್ತಿ, ಬಾಣಂತಿಯರ ಮಕ್ಕಳಿಗೆ ಕುಲಾವಿ ಹೆಣೆದರು. ಮರುವರ್ಷ ಮತ್ತೆ ಸ್ವೆಟರ್ ಬಂತು. ಬಾರದೆ ಏನು, ಬೇಡ ಅಂತ ಹೇಳುವ ಬಾಯಿ ನಮಗೆಲ್ಲಿತ್ತು? ಇರಿಂಗಾದಿಂದ ಬರುವ ಧನ್ಯವಾದದ ಪತ್ರಗಳನ್ನು ಸ್ವಲ್ಪ ಅನುಮಾನದಿಂದಲೇ ಓದು.

ನೀವು ಅಲ್ಲಿನ ಹೈಸ್ಕೂಲ್ ಮಕ್ಕಳಿಗೆ ನೆರವು ಕೊಡುವುದು ನನಗೆ ಎಲ್ಲಕ್ಕಿಂತ ಹಿಡಿಸಿತು. 2016ರಿಂದ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ನಾಲ್ಕನೇ ಫಾರಂ (ಹೈಸ್ಕೂಲಿನ ನಾಲ್ಕನೇ ವರ್ಷ) ತನಕ, 2022ರಿಂದ ಆರನೇ ಫಾರಂ ತನಕವೂ ಫೀಸು ಇಲ್ಲ, ಸರಿ. ಯೂನಿಫಾರ್ಮು, ಪುಸ್ತಕ, ಹಾಸ್ಟೆಲ್ ಖರ್ಚು ಯಾರು ಕೊಡಬೇಕು? ಯಾವ ಮಗುವಿಗೆ ಅನ್ನುವುದನ್ನು ಅಲ್ಲಿನ ಸಭೆಯೇ ಆರಿಸಲಿ. ನೀವು ಫೋಟೋ ನೋಡಿ ಮುದ್ದಾದ ಮುಖ ಆರಿಸುವ ಕೆಲಸ ಬೇಡ. ಹಣ ಡಯಾಸಿಸ್ ಆಫೀಸಿನ ಮೂಲಕವೇ ಹೋಗಲಿ, ಯಾರ ಕೈಗೂ ನೋಟು ತುರುಕಬೇಡ. ಅವರಿಂದ ಲೆಕ್ಕ ಕೇಳುವಾಗ ನಿಮ್ಮ ಲೆಕ್ಕವನ್ನೂ ಅವರ ಮುಂದಿಡಿ. ನಮಗೆ ಯಾರೂ ಹಾಗೆ ತೋರಿಸಿರಲಿಲ್ಲ.

ಅಲ್ಲಿನ ಲೂಥರನ್ ಸಭೆಗಳಲ್ಲಿ ಕಾಸಿಲ್ಲದವರು ಮೊಟ್ಟೆ, ಮೆಕ್ಕೆಜೋಳ, ಕೋಳಿ ತಂದು ಕಾಣಿಕೆ ಇಡುತ್ತಾರಂತೆ. ಆರಾಧನೆ ಮುಗಿದ ಮೇಲೆ ಹೊರಗೆ ಏಲಂ. ನಮ್ಮ ಬೆಳೆಹಬ್ಬದ ಹಾಗೆಯೇ! ಇಲ್ಲಿ ಒಂದು ಕುಂಬಳಕಾಯಿಗೆ ನಿನ್ನ ದೊಡ್ಡಪ್ಪ ಹಠಕ್ಕೆ ಬಿದ್ದು ಕೂಗಿದ್ದು ನೆನಪಿದೆಯಲ್ಲ. ನೀನೂ ಕೂಗು, ನಗು. ಆದರೆ ಡಾಲರ್ ಜೋರಿನಲ್ಲಿ ರೇಟು ಏರಿಸಿ ಎಲ್ಲವನ್ನೂ ಬಾಚಿಕೊಳ್ಳಬೇಡ. ಸಭೆಗೆ ಲಾಭವೇ ಆದೀತು, ಮಧ್ಯಾಹ್ನದ ಅಡುಗೆಗೆ ಆ ಮೊಟ್ಟೆಗಳ ಮೇಲೆ ಕಣ್ಣಿಟ್ಟಿದ್ದವಳು ಬರಿಗೈಯಲ್ಲಿ ಮನೆಗೆ ಹೋಗಬೇಕಾಗುತ್ತದೆ.

ಮಲೇರಿಯಾ ಮಾತ್ರೆ ತಪ್ಪಿಸಬೇಡ. ಅಮ್ಮ ಫೋನಿಗೆ ಕಾಯುತ್ತಿದ್ದಾಳೆ.

ನಿನ್ನ ಪಪ್ಪ