ಎಚ್ಚರವಾಗುವುದು: ಮಗಳಿಗೊಂದು ಪತ್ರ

ಡೊಂಬಿವಲಿ,
ಭಾನುವಾರ ರಾತ್ರಿ

ಪ್ರೀತಿಯ ಮಗಳೇ,

ಪುಣೆಯಿಂದ ನೀನು ಬರೆದದ್ದು ಕೈಸೇರಿ ವಾರವಾಯಿತು. ಪ್ರಜ್ಞೆಯೆಂಬುದು ಮಿದುಳಿನೊಳಗೆ ನಡೆಯುವ ಕ್ವಾಂಟಮ್ ವಿದ್ಯಮಾನವೆಂದು, ಅಂದರೆ ಅತಿ ಸೂಕ್ಷ್ಮ ಕಣಗಳ ಲೋಕದ ನಿಯಮಕ್ಕೆ ಸೇರಿದ್ದೆಂದು, ಭೌತವಿಜ್ಞಾನಿ ರೋಜರ್ ಪೆನ್‌ರೋಸ್ ಅವರಂಥವರೇ ಹೇಳುತ್ತಿರುವಾಗ ನೀವು ವೈದ್ಯರು ಇನ್ನೂ ನರಕೋಶ, ರಾಸಾಯನಿಕ ಎಂಬ ಹಳೆಯ ಪಾಠವನ್ನೇ ಒಪ್ಪಿಸುತ್ತಿದ್ದೀರಲ್ಲ ಎಂದು ಕೆಣಕಿದ್ದೀ. ಇಪ್ಪತ್ತೆರಡು ವರ್ಷಗಳಿಂದ ಈ ಮುಂಬಯಿಯಲ್ಲಿ ಜನರ ಎಚ್ಚರ ತಪ್ಪಿಸಿ ಮತ್ತೆ ಎಚ್ಚರಿಸುವುದನ್ನೇ ಕಸುಬಾಗಿಸಿಕೊಂಡ ನನಗೆ ಈ ಮಾತಿಗೆ ಫೋನಿನಲ್ಲಿ ಉತ್ತರಿಸಲು ಮನಸ್ಸು ಬರಲಿಲ್ಲ.

ನನ್ನ ಕಸುಬಿಗೆ ಕನ್ನಡದಲ್ಲಿರುವ ಹೆಸರನ್ನೇ ನೋಡು: ಅರಿವಳಿಕೆ. ನೋವನ್ನಲ್ಲ, ಅರಿವನ್ನೇ ಅಳಿಸುವುದು. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ಮಾರ್ಟನ್ ಎಂಬ ದಂತವೈದ್ಯ ಎಲ್ಲರೆದುರು ಈಥರ್ ಆವಿ ಕೊಟ್ಟು ಶಸ್ತ್ರಕ್ರಿಯೆಗೆ ದಾರಿ ಮಾಡಿಕೊಟ್ಟ ದಿನದಿಂದ ಇಂದಿನವರೆಗೆ ಔಷಧಗಳು ಎಷ್ಟೋ ಬದಲಾಗಿವೆ. ನಾನು ದಿನವೂ ಬಳಸುವ ಪ್ರೊಪೊಫಾಲ್ ನರಕೋಶದ ಯಾವ ಗ್ರಾಹಕಕ್ಕೆ (ರಿಸೆಪ್ಟರಿಗೆ) ಅಂಟಿಕೊಳ್ಳುತ್ತದೆಂದು ನನಗೆ ಗೊತ್ತು, ಎಷ್ಟು ಮಿಲಿಗ್ರಾಮ್ ಬೇಕೆಂದು ಗೊತ್ತು. ಆದರೆ ಆ ಅಂಟಿಕೊಳ್ಳುವಿಕೆಗೂ ಮೇಜಿನ ಮೇಲೆ ಮಲಗಿರುವ ಮನುಷ್ಯನಿಗೆ ಲೋಕವೇ ಇಲ್ಲವಾಗುವುದಕ್ಕೂ ನಡುವಿನ ಸಂಬಂಧವನ್ನು ಯಾವ ಪಠ್ಯಪುಸ್ತಕವೂ ನನಗೆ ತೃಪ್ತಿಯಾಗುವಂತೆ ವಿವರಿಸಿಲ್ಲ.

ಕಳೆದ ತಿಂಗಳು ಒಬ್ಬರು ಹಿರಿಯರು ಬಂದಿದ್ದರು. ನಾನು ಕನ್ನಡದವಳೆಂದು ತಿಳಿದ ಕೂಡಲೇ ಮರಾಠಿ ಬಿಟ್ಟು ಕನ್ನಡಕ್ಕೆ ಬಂದರು. ಎಣಿಸಿ ಎಂದೆ. ಹಾಲಿನಂತೆ ಬೆಳ್ಳಗಿರುವ ಔಷಧ ನಳಿಗೆಯಲ್ಲಿ ಇಳಿಯುತ್ತಿದ್ದಂತೆ ಒಂದು, ಎರಡು ಎಂದು ತೊಡಗಿ ಹದಿನೇಳರ ಹತ್ತಿರ ಅವರ ನಾಲಿಗೆ ತೊದಲಿತು, ಹದಿನೆಂಟು ಬರಲಿಲ್ಲ. ರೆಪ್ಪೆಗೂದಲನ್ನು ಬೆರಳ ತುದಿಯಿಂದ ಸವರಿದೆ, ರೆಪ್ಪೆ ಅಲುಗಲಿಲ್ಲ. ಎರಡೂವರೆ ಗಂಟೆಯ ನಂತರ ಕಣ್ಣು ತೆರೆದವರು ಕೇಳಿದ ಮೊದಲ ಮಾತು, ‘ಇನ್ನೂ ಶುರು ಮಾಡಲಿಲ್ಲವಾ, ಡಾಕ್ಟ್ರೇ?’ ನಿದ್ದೆಯಿಂದ ಎದ್ದವನಿಗೆ ಹೊತ್ತು ಕಳೆದದ್ದು ಹೇಗೋ ತಿಳಿದಿರುತ್ತದೆ. ಇವರಿಗೆ ಆ ಎರಡೂವರೆ ಗಂಟೆ ಕತ್ತಲಾಗಿಯೂ ಇರಲಿಲ್ಲ.

ಹೋದ ಪ್ರಜ್ಞೆ ಎಲ್ಲಿತ್ತು ಎಂದು ಹೊಸದಾಗಿ ಈ ಕೆಲಸಕ್ಕೆ ಸೇರಿದಾಗ ನಾನೂ ಯೋಚಿಸುತ್ತಿದ್ದೆ. ಈಗ ಆ ಪ್ರಶ್ನೆಯೇ ತಪ್ಪು ಎನಿಸುತ್ತದೆ. ಗಣಿತಜ್ಞರಾಗಿ ಹೆಸರು ಮಾಡಿ, 1924ರಲ್ಲಿ, ಅರವತ್ತು ದಾಟಿದ ಮೇಲೆ, ಹಾರ್ವರ್ಡ್‌ಗೆ ಹೋಗಿ ತತ್ತ್ವಶಾಸ್ತ್ರ ಕಲಿಸಲು ತೊಡಗಿದ ಆಲ್‌ಫ್ರೆಡ್ ನಾರ್ತ್ ವೈಟ್‌ಹೆಡ್ ಅವರ ವಿಚಾರ ಇಲ್ಲಿ ನನಗೆ ಒದಗಿತು. ಲೋಕವು ವಸ್ತುಗಳಿಂದ ಆಗಿದೆ, ಆ ವಸ್ತುಗಳಿಗೆ ಆಗಾಗ ಏನೋ ಸಂಭವಿಸುತ್ತದೆ ಎಂಬ ನಮ್ಮ ರೂಢಿಯ ನಂಬಿಕೆಯನ್ನು ಅವರು ತಲೆಕೆಳಗು ಮಾಡಿದರು. ಇರುವುದು ಸಂಭವಗಳು ಮಾತ್ರ. ನಾವು ವಸ್ತುವೆನ್ನುವುದು ಅಂಥ ಸಂಭವಗಳ ಸಾಲು. ಪ್ರತಿಯೊಂದು ಸಂಭವವೂ ತನಗಿಂತ ಹಿಂದಿನವನ್ನು ತನ್ನೊಳಗೆ ತೆಗೆದುಕೊಂಡು ರೂಪುಗೊಳ್ಳುತ್ತದೆ, ಪೂರ್ಣವಾದೊಡನೆ ಅಳಿಯುತ್ತದೆ, ಅಳಿದು ಮುಂದಿನದಕ್ಕೆ ಸಾಮಗ್ರಿಯಾಗುತ್ತದೆ. ಬೌದ್ಧರ ಕ್ಷಣಿಕವಾದ, ಜೈನರ ಉತ್ಪಾದ, ವ್ಯಯ, ಧ್ರೌವ್ಯಗಳು (ಹುಟ್ಟು, ಅಳಿವು, ಉಳಿವು) ನಿನಗೆ ನೆನಪಾಗಬಹುದು. ಎಲ್ಲವೂ ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತೆಂದು ಎದೆಯುಬ್ಬಿಸಲು ಇವನ್ನು ಹೇಳುತ್ತಿಲ್ಲ, ಈ ಯೋಚನೆ ನಮಗೆ ಪರಕೀಯವಲ್ಲ ಎಂದಷ್ಟೇ.

ನಮ್ಮ ಮನೆಯ ಮೊಸರನ್ನು ನೆನೆಸಿಕೋ. ಮದುವೆಯಾಗಿ ಕುಂದಾಪುರದಿಂದ ಬಸ್ಸಿನಲ್ಲಿ ಬರುವಾಗ ನಿನ್ನ ಅಜ್ಜಿ ಸ್ಟೀಲ್ ಡಬ್ಬಿಯಲ್ಲಿ ಕೊಟ್ಟ ಹೆಪ್ಪು ಅದು. ನಿನ್ನೆಯ ಮೊಸರಿನ ಒಂದು ಚಮಚ ಇಂದಿನ ಹಾಲಿಗೆ ಬೀಳುತ್ತದೆ, ಉಳಿದದ್ದು ಮಧ್ಯಾಹ್ನದ ಊಟಕ್ಕೆ ಮುಗಿಯುತ್ತದೆ. ಒಂದು ಮೇ ತಿಂಗಳಲ್ಲಿ ಊರಿಗೆ ಹೋಗಿ ಬರುವಷ್ಟರಲ್ಲಿ ಅದು ಕೆಟ್ಟುಹೋಗಿದ್ದಾಗ ಪಕ್ಕದ ಮನೆಯ ಕಾಕು ತಮ್ಮಲ್ಲಿದ್ದ ವಿರಜಣ, ಅಂದರೆ ಹೆಪ್ಪು, ಕೊಟ್ಟರು. ಅವರ ವಿರಜಣವಾದರೂ ನಾನು ಹಿಂದೊಮ್ಮೆ ಕೊಟ್ಟ ಹೆಪ್ಪಿನಿಂದಲೇ ಆದದ್ದು. ಡಬ್ಬಿ ನಾಲ್ಕು ದಿನ ಬರಿದಾಗಿತ್ತು, ಅಷ್ಟು ದಿನ ನಮ್ಮ ಮೊಸರು ಎಲ್ಲಿಗೂ ಹೋಗಿರಲಿಲ್ಲ. ಹೊಸ ಹಾಲು ಹಳೆಯದನ್ನು ಒಳಗೆ ತೆಗೆದುಕೊಂಡಿತು, ಮೊಸರಾಯಿತು. ಆ ಹಿರಿಯರಿಗೂ ಹಾಗೆಯೇ ಆಯಿತೆಂದು ನನ್ನ ಊಹೆ: ಎರಡೂವರೆ ಗಂಟೆಯ ನಂತರದ ಅವರ ಮೊದಲ ಕ್ಷಣ ಹದಿನೇಳನ್ನೇ ಹೆಪ್ಪಾಗಿ ತೆಗೆದುಕೊಂಡಿತು.

‘ರೋಗಿಗೆ ಪ್ರಜ್ಞೆ ಮರಳಿತು’ ಎಂದು ಪತ್ರಿಕೆಗಳು ಬರೆಯುತ್ತವೆ, ಎಲ್ಲೋ ಸುತ್ತಾಡಿ ಬಂದ ಹಾಗೆ. ಮನೆಯಲ್ಲಿ ನಾವು ‘ನನಗೆ ಎಚ್ಚರವಾಯಿತು’, ‘ನನಗೆ ನೆನಪಾಯಿತು’ ಎನ್ನುತ್ತೇವೆ. ಅಲ್ಲಿ ನಾನು ಕರ್ತೃವಲ್ಲ, ಎಚ್ಚರ ನನ್ನ ಸೊತ್ತೂ ಅಲ್ಲ. ಅದು ಆಗುತ್ತದೆ.

ಇನ್ನು ನಿನ್ನ ಪೆನ್‌ರೋಸ್. ಗಣಿತಜ್ಞನಿಗೆ ಹೊಳೆಯುವ ಸತ್ಯವು ಯಾವ ಯಾಂತ್ರಿಕ ಲೆಕ್ಕಕ್ಕೂ ಪೂರ್ತಿ ಸಿಗದು ಎಂದು ತರ್ಕಶಾಸ್ತ್ರಜ್ಞ ಗೋಡೆಲ್‌ನ 1931ರ ಪ್ರಮೇಯದಿಂದ ವಾದಿಸಿದ ಅವರು, ಹಲವು ಸಾಧ್ಯತೆಗಳು ಒಟ್ಟಿಗೇ ಇರುವ ಕ್ವಾಂಟಮ್ ಸ್ಥಿತಿ ಗುರುತ್ವದ ಕಾರಣದಿಂದ ತಾನಾಗಿ ಒಂದೇ ಸಾಧ್ಯತೆಗೆ ಕುಸಿಯುವಲ್ಲಿ ಅರಿವಿನ ಬೇರಿದೆ ಎಂದರು. ಆ ಕುಸಿತಕ್ಕೆ ಮಿದುಳಿನಲ್ಲೊಂದು ಜಾಗ ತೋರಿಸಿದವರು ನನ್ನದೇ ಕಸುಬಿನವರು, ಅರಿಜೋನಾದ ಅರಿವಳಿಕೆ ತಜ್ಞ ಸ್ಟುವರ್ಟ್ ಹ್ಯಾಮರಾಫ್: ಜೀವಕೋಶದೊಳಗಿನ, ಸುಮಾರು 25 ನ್ಯಾನೊಮೀಟರ್ ದಪ್ಪದ ಮೈಕ್ರೊಟ್ಯೂಬ್ಯೂಲ್ ಎಂಬ ಪ್ರೋಟೀನ್ ಕೊಳವೆಗಳು. ನನಗೆ ಮೊದಲು ಅನುಮಾನ ಬಂದದ್ದು ಇಲ್ಲಿಯೇ. ಆ ಕೊಳವೆಗಳು ಯಕೃತ್ತಿನಲ್ಲೂ ಇವೆ, ಬದನೆ ಗಿಡದಲ್ಲೂ ಇವೆ. ಗೌಟ್ ಎಂಬ ಕೀಲುನೋವಿನ ರೋಗಿಗಳಿಗೆ ಕೊಡುವ ಕಾಲ್ಚಿಸಿನ್ ಆ ಕೊಳವೆಗಳನ್ನೇ ಕೆಡಿಸುತ್ತದೆ, ಆದರೂ ಅವರು ಎಚ್ಚರವಾಗಿಯೇ ಇರುತ್ತಾರೆ. (ಆ ಔಷಧ ಮಿದುಳಿಗೆ ಹೆಚ್ಚೇನೂ ದಾಟುವುದಿಲ್ಲವಾದ್ದರಿಂದ ನನ್ನ ಆಕ್ಷೇಪ ಅಷ್ಟೇನೂ ಗಟ್ಟಿಯದಲ್ಲ, ನೀನು ಎತ್ತಿ ಆಡುವ ಮೊದಲೇ ಒಪ್ಪಿಕೊಳ್ಳುತ್ತೇನೆ.)

ಗಟ್ಟಿಯಾದ ಆಕ್ಷೇಪ ನಿಮ್ಮ ಭೌತಶಾಸ್ತ್ರದವರದೇ. 2000ದಲ್ಲಿ ಭೌತಶಾಸ್ತ್ರಜ್ಞ ಮ್ಯಾಕ್ಸ್ ಟೆಗ್ಮಾರ್ಕ್ ಲೆಕ್ಕ ಹಾಕಿ, ಮಿದುಳಿನ ಬಿಸಿ ಮತ್ತು ತೇವದಲ್ಲಿ ಅಂಥ ಕ್ವಾಂಟಮ್ ಸ್ಥಿತಿ ಹೆಚ್ಚೆಂದರೆ ಸೆಕೆಂಡಿನ ಹತ್ತು ಲಕ್ಷ ಕೋಟಿಯಲ್ಲೊಂದು ಪಾಲು ಬಾಳೀತು ಎಂದರು. ನರಕೋಶವೊಂದು ಮಿಡಿಯಲು ಸಾವಿರದಲ್ಲೊಂದು ಪಾಲು ಬೇಕು. ಹ್ಯಾಮರಾಫ್ ಮತ್ತು ಸಂಗಡಿಗರು 2002ರಲ್ಲಿ ಲೆಕ್ಕ ತಿದ್ದಿ ಅಂತರವನ್ನು ಬಹಳ ಕಿರಿದುಗೊಳಿಸಿದರೂ ಹೆಚ್ಚಿನವರು ಒಪ್ಪಿಲ್ಲ. ಹಾಗೆಂದು ನಾನು ಬಾಗಿಲು ಮುಚ್ಚಿಲ್ಲ, ಅದಕ್ಕೆ ಕಾರಣ ಕ್ಸೆನಾನ್. ಯಾವುದರೊಂದಿಗೂ ಸುಲಭಕ್ಕೆ ಸೇರದ ಈ ಜಡ ಅನಿಲವೂ ಅರಿವಳಿಸುತ್ತದೆ, ಅದೇ ಒಂದು ವಿಚಿತ್ರ. 2018ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗವೊಂದರಲ್ಲಿ, ಪರಮಾಣುವಿನ ಬೀಜಕ್ಕೆ ಸ್ಪಿನ್ ಎಂಬ ಕ್ವಾಂಟಮ್ ಗುಣ ಇರುವ ಕ್ಸೆನಾನ್ ಐಸೊಟೋಪುಗಳು (ಒಂದೇ ಧಾತುವಿನ ಬೇರೆ ಬೇರೆ ತೂಕದ ರೂಪಗಳು) ಸ್ಪಿನ್ ಇಲ್ಲದವುಗಳಿಗಿಂತ ದುರ್ಬಲ ಅರಿವಳಿಕೆಗಳೆಂದು ಕಂಡಿತು. ರಾಸಾಯನಿಕವಾಗಿ ಅವೆಲ್ಲ ಒಂದೇ. ಬೇರೆ ಬೇರೆ ಪ್ರಯೋಗಾಲಯಗಳಲ್ಲಿ ಇದು ಮತ್ತೆ ಮತ್ತೆ ನಿಂತರೆ ನನ್ನ ಹಳೆಯ ಪಾಠವನ್ನು ನಾನೇ ಹರಿದುಹಾಕುತ್ತೇನೆ.

ಆದರೆ ಒಂದು ವಿಷಯದಲ್ಲಿ ನೀನು ಅವಸರಪಟ್ಟಿದ್ದೀ. ‘ಪ್ರಜ್ಞೆ ಮೈಕ್ರೊಟ್ಯೂಬ್ಯೂಲಿನಲ್ಲಿದೆ’ ಎಂದು ಬರೆದಿದ್ದೀ. ಅಮೂರ್ತವಾದದ್ದನ್ನು ಮೂರ್ತವೆಂದು ಹಿಡಿಯುವ ತಪ್ಪೆಂದು ವೈಟ್‌ಹೆಡ್ ಎಚ್ಚರಿಸಿದ್ದು ಇದನ್ನೇ. ಹಿಂದಿನವರು ಹೃದಯದಲ್ಲಿಟ್ಟಿದ್ದನ್ನು ನೀನು ಕೊಳವೆಯಲ್ಲಿ ಇಡುತ್ತಿದ್ದೀ. ಪೆನ್‌ರೋಸ್ ಮತ್ತು ಹ್ಯಾಮರಾಫ್ ಅವರನ್ನೇ ನಿಧಾನವಾಗಿ ಓದು. ಅವರು ಹೇಳುವುದು ಕೊಳವೆಯ ಕುರಿತಲ್ಲ, ಒಂದೊಂದು ಕುಸಿತದ ಕುರಿತು. 1996ರ ಲೇಖನದಲ್ಲಿ ವೈಟ್‌ಹೆಡ್ ಅವರ ಅನುಭವದ ಸಂಭವಗಳನ್ನು ಅವರೇ ನೆನೆದಿದ್ದಾರೆ. ಅವರ ಸಿದ್ಧಾಂತದ ಭೌತಶಾಸ್ತ್ರ ನಾಳೆ ಬಿದ್ದುಹೋದರೂ ಆ ಒಂದು ಯೋಚನೆ ಉಳಿಯುತ್ತದೆಂದು ನನಗೆ ಅನಿಸುತ್ತದೆ. ಹಾಗೆಯೇ, ಎಲ್ಲ ಸಂಭವದಲ್ಲೂ ಅನುಭವದ ಒಂದು ಎಳೆ ಇದೆಯೆಂದ ವೈಟ್‌ಹೆಡ್, ಎಲ್ಲದಕ್ಕೂ ಪ್ರಜ್ಞೆಯಿದೆ ಎನ್ನಲಿಲ್ಲ. ಅದನ್ನು ಬಹಳ ಜಟಿಲವಾದ ಕೆಲವೇ ಸಂಭವಗಳಿಗೆ ಮೀಸಲಿಟ್ಟರು. ಬದನೆ ಗಿಡದ ವಿಚಾರ ಅಲ್ಲಿಗೆ ನಿಲ್ಲಲಿ.

ಚೌತಿಗೆ ಬರುವಾಗ ನನಗೊಂದು ಲೆಕ್ಕ ಮಾಡಿಕೊಂಡು ಬಾ. ಕುಸಿಯಲು ಹಿಡಿಯುವ ಸಮಯವು ಗುರುತ್ವಶಕ್ತಿಗೆ ವಿಲೋಮವಾಗಿರುತ್ತದೆ ಎಂಬಲ್ಲಿಯವರೆಗೆ ನನಗೆ ತಿಳಿಯುತ್ತದೆ. 25 ಮಿಲಿಸೆಕೆಂಡಿನಲ್ಲಿ ಒಂದು ಕುಸಿತವಾಗಬೇಕಾದರೆ ಎಷ್ಟು ಪ್ರೋಟೀನ್ ಅಣುಗಳು ಒಟ್ಟಾಗಬೇಕು ಎಂಬಲ್ಲಿ ಪೆನ್ಸಿಲ್ ಕೆಳಗಿಟ್ಟಿದ್ದೇನೆ. ಬರುವಾಗ ಸಣ್ಣ ಡಬ್ಬಿಯೊಂದನ್ನೂ ತಾ, ನಿನ್ನ ಕೋಣೆಯಲ್ಲಿ ಫ್ರಿಜ್ ಬಂದಿದೆಯಂತಲ್ಲ.

ಇಂತಿ,
ನಿನ್ನ ಅಮ್ಮ