ಕ್ವಾರ್ಟರ್‌ಬ್ಯಾಕ್ ರಿಸೀವರ್ ಆಗುವಾಗ ಕೇಳಬೇಕಾದ ಪ್ರಶ್ನೆಗಳು

ಮಾನ್ಯ ಸಂಪಾದಕರೇ,

ಅಮೆರಿಕದ ಕಾಲೇಜು ಫುಟ್‌ಬಾಲ್ ತಂಡವೊಂದರಲ್ಲಿ ಚೆಂಡು ಎಸೆದು ದಾಳಿಯನ್ನು ನಡೆಸುವ ಕ್ವಾರ್ಟರ್‌ಬ್ಯಾಕ್, ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಸೇರುವ ಉದ್ದೇಶದಿಂದ ತನ್ನ ಸ್ಥಾನ ಬಿಟ್ಟು, ಎಸೆದ ಚೆಂಡನ್ನು ಓಡಿ ಹಿಡಿಯುವ ವೈಡ್ ರಿಸೀವರ್ ಆಗಿ ಆಡಲು ನಿರ್ಧರಿಸಿರುವ ಬಗ್ಗೆ ನಿಮ್ಮ ಕ್ರೀಡಾಪುಟದಲ್ಲಿ ಬಂದ ಕಿರುವರದಿಯನ್ನು ಓದಿದೆ. ಇಲ್ಲಿ ಹೆಚ್ಚು ಜನ ನೋಡದ ಆಟವೊಂದಕ್ಕೆ ಜಾಗ ಕೊಟ್ಟದ್ದು ಸಂತೋಷದ ಸಂಗತಿಯೇ. ಆದರೆ ಆ ತರುಣನ ಆಟದ ಬದುಕು ಬಹುಮಟ್ಟಿಗೆ ಮುಗಿಯಿತು, ಇನ್ನೇನಿದ್ದರೂ ಸಿಕ್ಕಿದ್ದರಲ್ಲಿ ಸಮಾಧಾನಪಟ್ಟುಕೊಳ್ಳಬೇಕು ಎಂಬ ಧಾಟಿ ವರದಿಯುದ್ದಕ್ಕೂ ಇತ್ತು. ಈ ಆಟವನ್ನು ಬಹುಕಾಲದಿಂದ ಗಮನಿಸುತ್ತ ಬಂದ ಓದುಗನಾಗಿ ಅದನ್ನು ನಾನು ಒಪ್ಪಲಾರೆ. ಸ್ಥಾನ ಬದಲಿಸುವ ಆಟಗಾರ ಕೈಗೆ ಹತ್ತಿದ ಕಸುಬೊಂದನ್ನು ಬಿಟ್ಟು ಇನ್ನೊಂದನ್ನು ಮೊದಲಿನಿಂದ ಕಲಿಯಲು ಹೊರಟವನು. ಆ ಕಲಿಕೆ ಫಲ ಕೊಡುವುದೇ ಇಲ್ಲವೇ ಎಂಬುದು, ನಿರ್ಧಾರವನ್ನು ಯಾವಾಗ ಮಾಡಲಾಯಿತು, ಯಾರು ಮಾಡಿದರು ಎಂಬುದನ್ನು ಬಹಳವಾಗಿ ಅವಲಂಬಿಸಿರುತ್ತದೆ. ವರದಿ ಈ ಎರಡರ ಬಗ್ಗೆಯೂ ಮೌನವಾಗಿತ್ತು.

ಕ್ವಾರ್ಟರ್‌ಬ್ಯಾಕ್ ಸ್ಥಾನದ ಸುತ್ತ ಇರುವ ಪ್ರಭಾವಳಿಯೇ ಈ ತಪ್ಪುಗ್ರಹಿಕೆಗೆ ಮೂಲವೆಂದು ತೋರುತ್ತದೆ. ತಂಡ ದಾಳಿಗಿಳಿದಾಗ ಪ್ರತಿ ಬಾರಿಯೂ ಚೆಂಡು ಮೊದಲು ಅವನ ಕೈಗೆ ಬರುತ್ತದೆ; ಯಾರಿಗೆ ಎಸೆಯಬೇಕು, ಯಾವಾಗ ಎಸೆಯಬೇಕು, ಎದುರಾಳಿಗಳ ನಿಲುವು ಕಂಡು ಯೋಜನೆಯನ್ನು ನಿಂತಲ್ಲೇ ಬದಲಿಸಬೇಕೇ ಎಂಬುದೆಲ್ಲ ಅವನ ಹೊಣೆ. ಅಂಥವನು ರಿಸೀವರ್ ಆಗುವುದೆಂದರೆ, ಇಡೀ ಪ್ರಸಂಗವನ್ನು ನಡೆಸುತ್ತಿದ್ದ ಭಾಗವತರು ಜಾಗಟೆ ಕೆಳಗಿಟ್ಟು ವೇಷ ಕಟ್ಟಿಕೊಂಡು ರಂಗಕ್ಕಿಳಿದಂತೆ. ನೋಡುವವರಿಗೆ ಅದು ಇಳಿತವೆಂದು ಕಂಡರೆ ಆಶ್ಚರ್ಯವಿಲ್ಲ. ಆದರೆ ಎನ್‌ಎಫ್‌ಎಲ್‌ನಲ್ಲಿ ಇರುವುದು 32 ತಂಡಗಳು, ಪ್ರತಿ ತಂಡದ ಮುಖ್ಯ ಪಟ್ಟಿಯಲ್ಲಿ 53 ಆಟಗಾರರು, ಅವರಲ್ಲಿ ಕ್ವಾರ್ಟರ್‌ಬ್ಯಾಕ್‌ಗಳು ಸಾಮಾನ್ಯವಾಗಿ ಇಬ್ಬರು ಅಥವಾ ಮೂವರು ಮಾತ್ರ. ರಿಸೀವರ್‌ಗಳಾದರೆ ಐದಾರು ಮಂದಿ ಇರುತ್ತಾರೆ. ಕಾಲೇಜು ಫುಟ್‌ಬಾಲ್‌ನ ಮೇಲಿನ ಸ್ತರವೊಂದರಲ್ಲೇ 130ಕ್ಕೂ ಹೆಚ್ಚು ತಂಡಗಳಿದ್ದು, ಪ್ರತಿಯೊಂದಕ್ಕೂ ಒಬ್ಬ ಮೊದಲ ಆಯ್ಕೆಯ ಕ್ವಾರ್ಟರ್‌ಬ್ಯಾಕ್ ಇದ್ದಾನೆ ಎಂಬುದನ್ನು ಗಮನಿಸಿದರೆ ಬಾಗಿಲು ಎಷ್ಟು ಕಿರಿದೆಂಬುದು ತಿಳಿಯುತ್ತದೆ. ಅದರ ಮೇಲೆ, ಅನೇಕ ಕಾಲೇಜುಗಳು ಕ್ವಾರ್ಟರ್‌ಬ್ಯಾಕ್‌ನ ಓಟವನ್ನೇ ನೆಚ್ಚಿಕೊಂಡು ದಾಳಿಯನ್ನು ರೂಪಿಸುತ್ತವೆ. ಅಲ್ಲಿ ಮಿಂಚಿದ ತರುಣನ ಕಾಲು ಚುರುಕಾಗಿದ್ದರೂ ತೋಳಿನ ಬಲವಾಗಲಿ, ಕಿಕ್ಕಿರಿದ ರಕ್ಷಕರ ನಡುವೆ ನಿಂತು ನಿಖರವಾಗಿ ಎಸೆಯುವ ಅಭ್ಯಾಸವಾಗಲಿ ವೃತ್ತಿಪರ ಮಟ್ಟಕ್ಕೆ ಸಾಲದೇ ಹೋಗಬಹುದು.

ಹಣದ ಲೆಕ್ಕವನ್ನೂ ನೋಡಬೇಕು. ಪ್ರಮುಖ ಕ್ವಾರ್ಟರ್‌ಬ್ಯಾಕ್‌ಗಳ ವಾರ್ಷಿಕ ಗಳಿಕೆ ಐದು ಕೋಟಿ ಡಾಲರ್ ದಾಟಿರುವುದು ನಿಜ; ಆದರೆ ಹೊಸದಾಗಿ ಬರುವವನಿಗೆ ಆ ಮಾತು ಅನ್ವಯಿಸುವುದಿಲ್ಲ. 2011ರಲ್ಲಿ ಲೀಗ್ ಮತ್ತು ಆಟಗಾರರ ಸಂಘದ ನಡುವೆ ಆದ ಒಪ್ಪಂದದ ನಂತರ, ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಏಳು ಸುತ್ತುಗಳಲ್ಲಿ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಆಯ್ಕೆಯಾದವನ ಮೊದಲ ಕರಾರಿನ ಮೊತ್ತ ಅವನು ಎಷ್ಟನೆಯವನಾಗಿ ಆಯ್ಕೆಯಾದ ಎಂಬುದರ ಮೇಲೆ ನಿಂತಿದೆಯೇ ಹೊರತು ಯಾವ ಸ್ಥಾನದಲ್ಲಿ ಆಡುತ್ತಾನೆ ಎಂಬುದರ ಮೇಲಲ್ಲ. ಹೀಗಿರುವಾಗ ಏಳನೇ ಸುತ್ತಿನಲ್ಲೂ ಆಯ್ಕೆಯಾಗದ ಕ್ವಾರ್ಟರ್‌ಬ್ಯಾಕ್ ಆಗಿ ಉಳಿಯುವುದಕ್ಕಿಂತ ನಾಲ್ಕನೇ ಸುತ್ತಿನಲ್ಲಿ ಆಯ್ಕೆಯಾಗುವ ರಿಸೀವರ್ ಆಗುವುದು ಯಾವ ಲೆಕ್ಕದಲ್ಲೂ ನಷ್ಟದ ಬಾಬತ್ತಲ್ಲ. ಲೀಗ್‌ನ ಪಿಂಚಣಿಯ ಹಕ್ಕು ದೊರೆಯಲು ಮೂರು ಋತುಗಳ ಸೇವೆ ಬೇಕು. ತಂಡದ ಕೊನೆಯ ಸಾಲಿನಲ್ಲಿರುವ ಆಟಗಾರನಿಗೆ ಆ ಮೂರು ಋತುಗಳನ್ನು ದಾಟುವುದೇ ದೊಡ್ಡ ಕೆಲಸ.

ಬದಲಾವಣೆ ಫಲಿಸಿದ ಉದಾಹರಣೆ ಕೇಳಿದರೆ ಎಲ್ಲರೂ ಮೊದಲು ಹೇಳುವ ಹೆಸರು ಜೂಲಿಯನ್ ಎಡೆಲ್ಮನ್. ಒಹಾಯೊದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ಆಗಿದ್ದ ಅವರಿಗೆ, ಡ್ರಾಫ್ಟ್‌ಗೆ ಮೊದಲು ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವ ಕಂಬೈನ್ ಎಂಬ ಪರೀಕ್ಷಾ ಶಿಬಿರಕ್ಕೆ ಆಹ್ವಾನವೂ ಬಂದಿರಲಿಲ್ಲ. 2009ರಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಅವರನ್ನು ಏಳನೇ ಸುತ್ತಿನಲ್ಲಿ, ಒಟ್ಟಾರೆ 232ನೆಯವರಾಗಿ ಆರಿಸಿಕೊಂಡಿತು. 2019ರ ಫೆಬ್ರುವರಿಯಲ್ಲಿ ನಡೆದ, ಲೀಗ್‌ನ ಅಂತಿಮ ಪಂದ್ಯವಾದ 53ನೇ ಸೂಪರ್ ಬೌಲ್‌ನಲ್ಲಿ 10 ಕ್ಯಾಚ್ ಹಿಡಿದು 141 ಗಜ ಗಳಿಸಿ ಪಂದ್ಯಶ್ರೇಷ್ಠರಾದವರು ಅವರೇ. ಈ ಎರಡು ತುದಿಗಳನ್ನು ಎಲ್ಲರೂ ಹೇಳುತ್ತಾರೆ. ನಡುವಿನ ಕಥೆಯನ್ನು ಹೇಳುವವರು ಕಡಿಮೆ. ಮೊದಲ ವರ್ಷ 37 ಕ್ಯಾಚ್ ಹಿಡಿದ ಎಡೆಲ್ಮನ್ ಎರಡನೇ ವರ್ಷ ಹಿಡಿದದ್ದು ಏಳು, ಮೂರನೇ ವರ್ಷ ನಾಲ್ಕು. ಆ ಮೂರನೇ ವರ್ಷ, ತಂಡದಲ್ಲಿ ರಕ್ಷಣಾ ಆಟಗಾರರ ಕೊರತೆಯಾದಾಗ ಅವರನ್ನು ಹಿಂಬದಿಯ ರಕ್ಷಣೆಗೂ ಇಳಿಸಲಾಯಿತು. ಆ ದಿನಗಳಲ್ಲಿ ಅವರಿಗೆ ತಂಡದಲ್ಲಿ ಜಾಗ ಉಳಿಸಿಕೊಟ್ಟದ್ದು, ಎದುರಾಳಿಗಳು ಒದ್ದು ಕಳಿಸಿದ ಚೆಂಡನ್ನು ಹಿಡಿದು ಮರಳಿ ಅವರತ್ತಲೇ ಓಡುವ ಪಂಟ್ ರಿಟರ್ನ್ ಕೆಲಸ. ಐದನೇ ವರ್ಷವಾದ 2013ರಲ್ಲಷ್ಟೇ, ರಿಸೀವರ್ ವೆಸ್ ವೆಲ್ಕರ್ ತಂಡ ಬಿಟ್ಟ ಮೇಲೆ, 105 ಕ್ಯಾಚ್‌ಗಳೊಡನೆ ಅವರು ನಿಜವಾದ ಅರ್ಥದಲ್ಲಿ ರಿಸೀವರ್ ಆದರು. ಹಳೆಯ ವಿದ್ಯೆಯನ್ನೂ ಅವರು ಮರೆತಿರಲಿಲ್ಲ: 2015ರ ಜನವರಿಯಲ್ಲಿ ಬಾಲ್ಟಿಮೋರ್ ವಿರುದ್ಧದ ಪ್ಲೇಆಫ್ ಪಂದ್ಯದಲ್ಲಿ ಜೊತೆಗಾರ ಡ್ಯಾನಿ ಅಮೆಂಡೋಲಾಗೆ 51 ಗಜದ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ಅಂಕ ಗಳಿಸುವುದು) ಎಸೆದರು. ಅದೇ ಬಗೆಯ ಎಸೆತವನ್ನು 2006ರ ಸೂಪರ್ ಬೌಲ್‌ನಲ್ಲಿ ಪಿಟ್ಸ್‌ಬರ್ಗ್ ಪರ ಎಸೆದ ಆಂಟ್ವಾನ್ ರ‍್ಯಾಂಡಲ್ ಎಲ್ ಕೂಡ ಇಂಡಿಯಾನಾ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ಆಗಿದ್ದವರೇ. ಸೂಪರ್ ಬೌಲ್‌ನಲ್ಲಿ ಟಚ್‌ಡೌನ್ ಎಸೆದ ಮೊದಲ ವೈಡ್ ರಿಸೀವರ್ ಎಂಬ ದಾಖಲೆ ಅವರದು.

ಇಷ್ಟು ಸಮಯ ಏಕೆ ಬೇಕಾಯಿತು ಎಂಬುದನ್ನು ವಿವರಿಸದಿದ್ದರೆ ಓದುಗರಿಗೆ ಅನ್ಯಾಯವಾದೀತು. ಕ್ವಾರ್ಟರ್‌ಬ್ಯಾಕ್ ಆಗಿದ್ದವನಿಗೆ ಪ್ರತಿ ಯೋಜನೆಯಲ್ಲಿ ಹನ್ನೊಂದು ಮಂದಿಯೂ ಏನು ಮಾಡಬೇಕೆಂಬುದು ಗೊತ್ತಿರುತ್ತದೆ. ಎದುರಾಳಿ ರಕ್ಷಣೆಯಲ್ಲಿ ಎಲ್ಲಿ ಖಾಲಿ ಜಾಗ ಬಿಡುತ್ತದೆ, ಎಸೆಯುವವನ ಕಣ್ಣು ಯಾವ ಕ್ಷಣದಲ್ಲಿ ಎತ್ತ ಹೊರಳುತ್ತದೆ ಎಂಬ ತಿಳಿವಳಿಕೆ ಅವನಿಗೆ ದೊಡ್ಡ ಬಂಡವಾಳ. ದೇಹಕ್ಕೆ ಮಾತ್ರ ಇದರಲ್ಲಿ ಯಾವುದೂ ಗೊತ್ತಿರುವುದಿಲ್ಲ. ಸಾಲಿನ ಎದುರೇ ನಿಂತು ಎದೆಗೆ ಕೈಕೊಟ್ಟು ತಡೆಯುವ ರಕ್ಷಕನಿಂದ ಮೊದಲ ಎರಡು ಹೆಜ್ಜೆಯಲ್ಲೇ ಬಿಡಿಸಿಕೊಳ್ಳುವುದು, ಪೂರ್ಣ ವೇಗದಲ್ಲಿ ಓಡುತ್ತ ಹಠಾತ್ತನೆ ನಿಂತು ದಿಕ್ಕು ಬದಲಿಸುವುದು, ಬದಲಿಸುವ ಮುನ್ಸೂಚನೆಯನ್ನು ಭುಜವಾಗಲಿ ಸೊಂಟವಾಗಲಿ ಕೊಡದಂತೆ ನೋಡಿಕೊಳ್ಳುವುದು, ಕಣ್ಣೆದುರಿಗೇ ಡಿಕ್ಕಿ ಕಾದಿದೆ ಎಂದು ಗೊತ್ತಿದ್ದೂ ಚೆಂಡಿನಿಂದ ನೋಟ ಕದಲಿಸದಿರುವುದು – ಇವೆಲ್ಲ ರಿಸೀವರ್‌ಗಳು ಹದಿಹರೆಯದಿಂದಲೇ ಸಾವಿರಾರು ಸಲ ಮಾಡಿ ಮೈಗೂಡಿಸಿಕೊಂಡ ವಿದ್ಯೆಗಳು. ಅಭ್ಯಾಸದಲ್ಲಿ ಕ್ವಾರ್ಟರ್‌ಬ್ಯಾಕ್‌ಗಳಿಗೆ ಬೇರೆ ಬಣ್ಣದ ಅಂಗಿ ತೊಡಿಸಿ ಯಾರೂ ಅವರನ್ನು ಕೆಡವಬಾರದೆಂಬ ನಿಯಮ ಇಟ್ಟಿರುತ್ತಾರೆ. ಆ ಅಂಗಿ ಕಳಚಿದ ಮರುದಿನದಿಂದಲೇ ಅವನು ಪೆಟ್ಟು ತಿನ್ನುವುದನ್ನಷ್ಟೇ ಅಲ್ಲ, ಓಡುವ ಜೊತೆಗಾರನಿಗಾಗಿ ಎದುರಾಳಿಯನ್ನು ತಡೆದು ನಿಲ್ಲಿಸುವುದನ್ನೂ ಕಲಿಯಬೇಕು. ಪಟ್ಟಿಯ ಐದನೆಯ ಅಥವಾ ಆರನೆಯ ರಿಸೀವರ್‌ನನ್ನು ಕೋಚ್‌ಗಳು ಉಳಿಸಿಕೊಳ್ಳುವುದು ಹೆಚ್ಚಾಗಿ ಕ್ಯಾಚ್ ಹಿಡಿಯಲಿ ಎಂದಲ್ಲ, ಒದೆತದ ಸಂದರ್ಭಗಳಲ್ಲಿ ಆಡುವ ಸ್ಪೆಷಲ್ ಟೀಮ್ಸ್‌ನಲ್ಲಿ ಓಡಿಹೋಗಿ ಎದುರಾಳಿಯನ್ನು ಕೆಡವಲಿ ಎಂದು. ಕಾಲೇಜಿನಲ್ಲಿ ಊರೆಲ್ಲ ಹೊಗಳಿದ ತಾರೆಗೆ ಇದು ಸುಲಭವಾಗಿ ಗಂಟಲಿಗಿಳಿಯುವ ಮಾತಲ್ಲ. ಕೆಂಟ್ ಸ್ಟೇಟ್‌ನಲ್ಲಿ ಎಡೆಲ್ಮನ್‌ಗಿಂತ ಮೊದಲು ಕ್ವಾರ್ಟರ್‌ಬ್ಯಾಕ್ ಆಗಿದ್ದ ಜೋಶುವಾ ಕ್ರಿಬ್ಸ್ ಡ್ರಾಫ್ಟ್‌ನಲ್ಲಿ ಆಯ್ಕೆಯಾಗದೆ 2005ರಲ್ಲಿ ಕ್ಲೀವ್‌ಲ್ಯಾಂಡ್ ಸೇರಿ, ಇದೇ ಕೆಲಸವನ್ನು ಮನಸಾರೆ ಒಪ್ಪಿಕೊಂಡು, ಕಿಕ್ ರಿಟರ್ನ್‌ನಲ್ಲಿ ಎಂಟು ಟಚ್‌ಡೌನ್ ಗಳಿಸಿ ಲೀಗ್‌ನ ಆಯ್ದ ಆಟಗಾರರ ಪಂದ್ಯವಾದ ಪ್ರೊ ಬೌಲ್‌ಗೆ ಮೂರು ಬಾರಿ ಆಯ್ಕೆಯಾದರು.

ತಡವಾಗಿ ಮಾಡಿದ ಬದಲಾವಣೆಯ ಪರಿಣಾಮಕ್ಕೆ ಟಿಮ್ ಟೀಬೊ ಅವರ ಪ್ರಸಂಗವನ್ನು ನೋಡಬಹುದು. ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯನ್ನು 2007ರಲ್ಲಿ ಗೆದ್ದ ಅವರು ಕ್ವಾರ್ಟರ್‌ಬ್ಯಾಕ್ ಆಗಿಯೇ ಉಳಿಯುವ ಹಟ ಹಿಡಿದು, ಆ ಅವಕಾಶಗಳೆಲ್ಲ ಮುಗಿದ ಮೇಲೆ ಬೇಸ್‌ಬಾಲ್ ಆಡಲು ಹೋಗಿ, 2021ರಲ್ಲಿ ಚೆಂಡು ಹಿಡಿಯುವ, ಎದುರಾಳಿಯನ್ನು ತಡೆಯುವ ಎರಡೂ ಕೆಲಸದ ಟೈಟ್ ಎಂಡ್ ಆಗಿ ಜಾಕ್ಸನ್‌ವಿಲ್ ತಂಡದ ಶಿಬಿರ ಸೇರಿದಾಗ ವಯಸ್ಸು 33. ಋತು ಆರಂಭವಾಗುವ ಮೊದಲೇ, ಆಗಸ್ಟ್‌ನಲ್ಲಿ, ತಂಡ ಅವರನ್ನು ಕೈಬಿಟ್ಟಿತು. ವರ್ಜೀನಿಯಾ ಟೆಕ್‌ನ ಲೋಗನ್ ಥಾಮಸ್ 2014ರಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿಯೇ ಆಯ್ಕೆಯಾದರೂ ಇಪ್ಪತ್ತರ ಹರೆಯದಲ್ಲೇ ಟೈಟ್ ಎಂಡ್ ಆದರು. 2020ರಲ್ಲಿ ವಾಷಿಂಗ್ಟನ್ ಪರ 72 ಕ್ಯಾಚ್ ಹಿಡಿದರು. ಬೇಗ ಬದಲಾದವರೆಲ್ಲ ಗೆದ್ದಿದ್ದಾರೆ ಎಂದೇನೂ ಇಲ್ಲ. ಒಹಾಯೊ ಸ್ಟೇಟ್‌ನ ಬ್ರ್ಯಾಕ್ಸ್‌ಟನ್ ಮಿಲ್ಲರ್ ಭುಜದ ಗಾಯದ ನಂತರ ಕಾಲೇಜಿನ ಕೊನೆಯ ವರ್ಷದಲ್ಲೇ ಸ್ಥಾನ ಬದಲಿಸಿ, 2016ರಲ್ಲಿ ಮೂರನೇ ಸುತ್ತಿನಲ್ಲಿ ಆಯ್ಕೆಯಾದರೂ ಲೀಗ್‌ನಲ್ಲಿ ಬಹಳ ಕಾಲ ನಿಲ್ಲಲಿಲ್ಲ. 2001ರ ಹೈಸ್‌ಮನ್ ವಿಜೇತ ಎರಿಕ್ ಕ್ರೌಚ್ ಅವರನ್ನು ರ‍್ಯಾಮ್ಸ್ ತಂಡ ರಿಸೀವರ್ ಆಗಿಯೇ ಆರಿಸಿಕೊಂಡಿತ್ತು. ಎನ್‌ಎಫ್‌ಎಲ್‌ನ ಒಂದು ಅಧಿಕೃತ ಪಂದ್ಯವನ್ನೂ ಅವರು ಆಡಲಿಲ್ಲ.

ಇನ್ನು ನಿರ್ಧಾರ ಯಾರದು ಎಂಬ ಪ್ರಶ್ನೆ. ಇದು ಸೂಕ್ಷ್ಮವಾದದ್ದು. ಅದನ್ನು ಬಿಟ್ಟು ಈ ವಿಷಯದ ಬಗ್ಗೆ ಬರೆಯುವುದು ಸಾಧ್ಯವಿಲ್ಲವೆಂದೇ ನಾನು ಭಾವಿಸಿದ್ದೇನೆ. ಕಪ್ಪು ವರ್ಣದ ಕ್ವಾರ್ಟರ್‌ಬ್ಯಾಕ್‌ಗಳಿಗೆ ನಾಯಕತ್ವವಾಗಲಿ ಆಟದ ಬುದ್ಧಿವಂತಿಕೆಯಾಗಲಿ ಒಗ್ಗದು ಎಂಬ ಪೂರ್ವಗ್ರಹದಿಂದ ಅವರನ್ನು ರಿಸೀವರ್ ಅಥವಾ ರಕ್ಷಣೆಯ ಸ್ಥಾನಗಳಿಗೆ ತಳ್ಳುವುದು ದಶಕಗಳ ಕಾಲ ಈ ಲೀಗ್‌ನ ಅಲಿಖಿತ ಪದ್ಧತಿಯಾಗಿತ್ತು. 1968ರಲ್ಲಿ ಡೆನ್ವರ್ ತಂಡ ಮಾರ್ಲಿನ್ ಬ್ರಿಸ್ಕೊ ಅವರನ್ನು ರಕ್ಷಣಾ ಆಟಗಾರನಾಗಿ ಆರಿಸಿಕೊಂಡಾಗ, ಕ್ವಾರ್ಟರ್‌ಬ್ಯಾಕ್ ಆಗಿ ತಮ್ಮನ್ನು ಪರೀಕ್ಷಿಸಬೇಕೆಂದು ಅವರೇ ಪಟ್ಟು ಹಿಡಿಯಬೇಕಾಯಿತು. ಆ ವರ್ಷ 14 ಟಚ್‌ಡೌನ್ ಎಸೆದರೂ ಮುಂದಿನ ವರ್ಷ ಅವರಿಗೆ ಅಲ್ಲಿ ಆ ಸ್ಥಾನ ಉಳಿಯಲಿಲ್ಲ. ಬಫಲೊ ತಂಡಕ್ಕೆ ಹೋಗಿ ರಿಸೀವರ್ ಆದ ಬ್ರಿಸ್ಕೊ 1970ರಲ್ಲಿ ಸಾವಿರ ಗಜಗಳನ್ನು ದಾಟಿದರು, 1972ರ ಅಜೇಯ ಮಯಾಮಿ ತಂಡದಲ್ಲಿಯೂ ಇದ್ದರು. ಅಂದರೆ ಬದಲಾವಣೆ ಯಶಸ್ವಿಯಾಯಿತು. ಅದರಿಂದ ಅನ್ಯಾಯ ಅನ್ಯಾಯವಲ್ಲದೇ ಹೋಗಲಿಲ್ಲ. ಮಿನೆಸೋಟ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ಟೋನಿ ಡಂಗಿ 1977ರಲ್ಲಿ ಯಾವ ತಂಡಕ್ಕೂ ಆಯ್ಕೆಯಾಗದೆ ಪಿಟ್ಸ್‌ಬರ್ಗ್ ಸೇರಿ ಸೇಫ್ಟಿ, ಅಂದರೆ ಹಿಂಬದಿಯ ರಕ್ಷಕ, ಆದರು. (ಕ್ವಾರ್ಟರ್‌ಬ್ಯಾಕ್‌ಗಳು ಗಾಯಗೊಂಡ ಒಂದು ಪಂದ್ಯದಲ್ಲಿ ಎದುರಾಳಿಯ ಎಸೆತವನ್ನು ಕಸಿದುಕೊಂಡ ಅವರೇ, ತಮ್ಮ ಎಸೆತವನ್ನು ಎದುರಾಳಿಯ ಕೈಗೆ ಒಪ್ಪಿಸಿದ ವಿಚಿತ್ರವೂ ನಡೆಯಿತು.) ಅದೇ ಕಾಲದಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಾರನ್ ಮೂನ್ ಸ್ಥಾನ ಬದಲಿಸಲು ಒಪ್ಪದೆ ಕೆನಡಾಕ್ಕೆ ಹೋಗಿ, ಎಡ್ಮಂಟನ್ ಪರ ಅಲ್ಲಿನ ಲೀಗ್‌ನ ಪ್ರಶಸ್ತಿಯಾದ ಗ್ರೇ ಕಪ್ ಅನ್ನು ಸತತ ಐದು ಬಾರಿ ಗೆದ್ದ ಮೇಲೆ 1984ರಲ್ಲಿ ಹ್ಯೂಸ್ಟನ್‌ಗೆ ಕ್ವಾರ್ಟರ್‌ಬ್ಯಾಕ್ ಆಗಿಯೇ ಬಂದರು.

ಇದೆಲ್ಲ ಹಳೆಯ ಕಾಲದ ಮಾತು ಎನ್ನುವವರು 2018ರ ಡ್ರಾಫ್ಟ್ ಅನ್ನು ನೆನಪಿಸಿಕೊಳ್ಳಬೇಕು. 2016ರ ಹೈಸ್‌ಮನ್ ಗೆದ್ದಿದ್ದ ಲೂಯಿವಿಲ್‌ನ ಲಾಮಾರ್ ಜಾಕ್ಸನ್ ರಿಸೀವರ್ ಆಗುವುದೇ ಮೇಲೆಂದು, ತಂಡಗಳನ್ನು ಕಟ್ಟಿ ಹೆಸರಾದ ಬಿಲ್ ಪೋಲಿಯನ್ ಬಹಿರಂಗವಾಗಿಯೇ ಹೇಳಿದ್ದರು. ಜಾಕ್ಸನ್ ಒಪ್ಪಲಿಲ್ಲ. ಮೊದಲ ಸುತ್ತಿನ ಕೊನೆಯಲ್ಲಿ, 32ನೆಯವರಾಗಿ, ಬೇರೆ ನಾಲ್ವರು ಕ್ವಾರ್ಟರ್‌ಬ್ಯಾಕ್‌ಗಳ ನಂತರ ಬಾಲ್ಟಿಮೋರ್ ಅವರನ್ನು ಆರಿಸಿಕೊಂಡಿತು. ಮರುವರ್ಷವೇ ಅವರು ಸರ್ವಾನುಮತದಿಂದ ಲೀಗ್‌ನ ಅತ್ಯಮೂಲ್ಯ ಆಟಗಾರರಾದರು, 2023ರಲ್ಲಿ ಮತ್ತೊಮ್ಮೆ ಆ ಗೌರವ ಪಡೆದರು. ತನ್ನ ತೋಳಿನ ಮಿತಿಯನ್ನು ತಾನೇ ಅರಿತು ರಿಸೀವರ್ ಆಗಲು ಹೊರಡುವ ತರುಣನಿಗೂ, ಬೇರೆಯವರ ಕಣ್ಣಿಗೆ ಕ್ವಾರ್ಟರ್‌ಬ್ಯಾಕ್‌ನಂತೆ ಕಾಣದ ಕಾರಣಕ್ಕೆ ಹಾಗೆ ಆಗೆಂದು ಹೇಳಿಸಿಕೊಳ್ಳುವ ತರುಣನಿಗೂ ವ್ಯತ್ಯಾಸವಿದೆ. ನಿಮ್ಮ ವರದಿಯಲ್ಲಿರುವ ಆಟಗಾರ ಇವರಿಬ್ಬರಲ್ಲಿ ಯಾರು ಎಂಬುದನ್ನು ಓದುಗ ಊಹಿಸುವಂತೆಯೂ ಇರಲಿಲ್ಲ.

ಆದ್ದರಿಂದ ಈ ಸುದ್ದಿಯನ್ನು ಮುಂದುವರಿಸಿ ಪ್ರಕಟಿಸುವಾಗ, ಈ ಸಲಹೆ ಮೊದಲು ಕೊಟ್ಟವರು ಯಾರು, ಕಾಲೇಜಿನಲ್ಲಿ ರಿಸೀವರ್ ಆಗಿ ಆಡಲು ಅವನಿಗೆ ಒಂದು ಪೂರ್ಣ ಋತುವಾದರೂ ಉಳಿದಿದೆಯೇ, ಪಂಟ್ ಹಿಡಿಯುವ ಅಭ್ಯಾಸವನ್ನು ಅವನು ಈಗಲೇ ಆರಂಭಿಸಿದ್ದಾನೆಯೇ ಎಂಬುದನ್ನು ತಿಳಿಸಬೇಕೆಂದು ನಿಮ್ಮ ಕ್ರೀಡಾ ವಿಭಾಗವನ್ನು ಕೋರುತ್ತೇನೆ. ಏಪ್ರಿಲ್‌ನ ಡ್ರಾಫ್ಟ್‌ನಲ್ಲಿ ಏಳು ಸುತ್ತುಗಳು ಮುಗಿದ ಮೇಲೂ ಅವನ ಹೆಸರು ಬಾರದಿದ್ದರೆ ಸುದ್ದಿಯನ್ನು ಅಲ್ಲಿಗೇ ಕೈಬಿಡಬೇಡಿ. ಕ್ರಿಬ್ಸ್ ಮತ್ತು ಡಂಗಿ ಅವರ ಹೆಸರುಗಳೂ ಡ್ರಾಫ್ಟ್‌ನಲ್ಲಿ ಬಂದಿರಲಿಲ್ಲ. ಬೇಸಿಗೆಯ ಶಿಬಿರಗಳು ಮುಗಿದು ತಂಡಗಳು 53 ಮಂದಿಯ ಪಟ್ಟಿಯನ್ನು ಅಂತಿಮಗೊಳಿಸುವುದು ಆಗಸ್ಟ್ ಕೊನೆಯ ವಾರದ ಹೊತ್ತಿಗೆ. ಆ ಪಟ್ಟಿಗಳನ್ನು ನೋಡಿದ ಮೇಲೆ ನಾಲ್ಕು ಸಾಲಾದರೂ ಬರೆಯಿರಿ.

ತಮ್ಮ ವಿಶ್ವಾಸಿ,
ಓರ್ವ ಓದುಗ